ಡೀಸೆಲ್ ಪೈಪಿನ ಬಿಳಿ ಗೆರೆ

ತಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ. ವರ್ಕ್‌ಶಾಪಿನಿಂದ ಬಂದವನೇ ಕುಡಿ, ಆಮೇಲೆ ಓದು.

ಮೂವತ್ತು ವರ್ಷದ ಜೀಪು ಕೆಡುತ್ತದೆ, ಒಪ್ಪಿದೆ. ಆದರೆ ನಾನು ಗಣಿಗೆ ಹೊರಡುವ ದಿನವೇ ಅದಕ್ಕೆ ಕಾಯಿಲೆ ಬರುವುದೇಕೆ? ಎರಡು ಸಲ ಹೀಗಾಯಿತು. ಎರಡು ಸಲವೂ ಕಾರ್ಮಿಕರು ಕಂಟ್ರಾಕ್ಟರ್ ವಿರುದ್ಧ ನನಗೆ ಹೇಳಿಕೆ ಕೊಡಲು ದಿನವಿಡೀ ಕಾದು ಕೂತರು. ನೀನು ಮಾತ್ರ ನೆಲ ನೋಡುತ್ತಾ, "ಪಾರ್ಟ್ಸ್ ಬರ್ಬೇಕು ಅಕ್ಕಾ, ನನ್ನ ಕೈಲೇನಿದೆ" ಅಂದೆ.

ನಿನ್ನ ಕೈಲಿ ಸ್ಪ್ಯಾನರ್ ಇತ್ತು.

ನೀನೇ ಕಲಿಸಿದ ವಿದ್ಯೆ, ಮೊನ್ನೆ ಡೀಸೆಲ್ ಪೈಪಿಗೂ ಅದರ ನಟ್ಟಿಗೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದಿದ್ದೆ, ಯಾರಾದರೂ ನಟ್ಟು ತಿರುಗಿಸಿದರೆ ತಿಳಿಯಲಿ ಅಂತ. ಜೀಪು ಅಂಗಳ ಬಿಟ್ಟು ಕದಲಿಲ್ಲ, ಇವತ್ತು ನೋಡಿದರೆ ನಟ್ಟಿನ ಮೇಲಿನ ಗೆರೆ ಮಾತ್ರ ಅರ್ಧ ಸುತ್ತು ತಿರುಗಿದೆ. ಸಡಿಲವಾದ ನಟ್ಟಿನಿಂದ ಒಳಗೆ ಗಾಳಿ ಹೊಕ್ಕು, ಡೀಸೆಲ್ ಇಂಜಿನ್ನಿಗೆ ಹೋಗದೆ ನಿಂತಿತ್ತು. ಗಾಳಿ ತೆಗೆದು ನಾನೇ ಬಿಗಿದೆ, ಸ್ಟಾರ್ಟ್ ಆಯಿತು.

ಗಣಿ ಕಂಟ್ರಾಕ್ಟರ್ ನಿನ್ನನ್ನು ಕೊಂಡಿದ್ದಾನೆಯೇ? ಅಥವಾ ಕೊನೆಯ ಸಲ ಗಣಿಗೆ ಹೋದಾಗ ಜೀಪಿನ ಗಾಜಿಗೆ ಬಿದ್ದ ಕಲ್ಲು ನಿನ್ನ ನಿದ್ದೆ ಕೆಡಿಸಿದೆಯೇ? ಹೆದರಿಕೆಯಾದರೆ ನಿನ್ನ ಬಾಯಿಂದ ಹೇಳು, ಜೀಪಿನಿಂದ ಹೇಳಿಸಬೇಡ.

ಜೀಪು ತೆಗೆದುಕೊಂಡು ಗಣಿಗೆ ಹೊರಟಿದ್ದೇನೆ, ದಾರಿಯ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇನೆ. ನೀನು ಬಂದರೆ ಹೆದರಿದ್ದೆ ಅಂತ ತಿಳಿಯುತ್ತೇನೆ. ಬರದಿದ್ದರೆ ಏನು ತಿಳಿಯಬೇಕು ಅಂತ ನೀನೇ ಯೋಚಿಸು.

ಸ್ಪ್ಯಾನರ್ ಪೆಟ್ಟಿಗೆ ನನ್ನ ಹತ್ತಿರವಿದೆ.

ಅಕ್ಕ