ಎಡಗೈಯ ಗೂಡುದೀಪ

ಕಾವೂರು, ಮಂಗಳೂರು
27 ಅಕ್ಟೋಬರ್ 2025, ಸೋಮವಾರ

ಪ್ರೀತಿಯ ಮಗಳು ಮೋಕ್ಷಾಳಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನೀನೂ ಅಳಿಯಂದಿರೂ ಹುಷಾರಾಗಿದ್ದೀರಷ್ಟೆ? ಆಸ್ಪತ್ರೆಯಲ್ಲಿ ನಿಂತೂ ನಿಂತೂ ನಿನ್ನ ಪಾದ ಊದಿಕೊಳ್ಳುತ್ತದೆ ಎಂದು ಅಮ್ಮ ಹೇಳಿದಳು. ರೋಗಿಗಳಿಗೆ ಹೇಳುವ ಬುದ್ಧಿಯನ್ನು ನರ್ಸಮ್ಮನೂ ಸ್ವಲ್ಪ ಕೇಳಿಕೊಳ್ಳಬೇಕು. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಇದು ಎಡಗೈಯ ಬರಹ. ಏಪ್ರಿಲ್‌ನಲ್ಲಿ ಸ್ಟ್ರೋಕ್ ಆದಾಗ ಬಿದ್ದ ಬಲಗೈ ಇನ್ನೂ ಎದ್ದಿಲ್ಲ. ನಾಲಿಗೆ ಮಾತ್ರ ಮೊದಲಿಗಿಂತ ಚೆನ್ನಾಗಿ ತಿರುಗುತ್ತದೆ, ಅಮ್ಮನ ಜೊತೆ ಜಗಳ ಮಾಡಲು ಸಾಕಾಗುವಷ್ಟು. ಈ ಕಾಗದವನ್ನು ಗುರುವಾರ ಶುರು ಮಾಡಿ ಇವತ್ತು ಮುಗಿಸುತ್ತಿದ್ದೇನೆ. ಎದುರು ಮನೆಯ ಉಬೈದ್ ನಾಳೆ ನಿಮ್ಮ ಮಸ್ಕತ್‌ಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಜೊತೆಗೆ ಅಮ್ಮ ಕಟ್ಟಿದ ಒಣ ಸಿಗಡಿ ಉಂಟು.

ಫೋನಿನಲ್ಲಿ ಅಮ್ಮ ನಿನಗೆ ಬಹುಮಾನದ ಸುದ್ದಿಯನ್ನು ಮಾತ್ರ ಹೇಳಿರಬೇಕು. ಉಳಿದದ್ದನ್ನು ನಾನೇ ಬರೆಯುತ್ತೇನೆ, ನೀನು ಬಾಯಿ ಬಿಡಬೇಡ ಎಂದು ಅವಳಿಗೆ ತಾಕೀತು ಮಾಡಿದ್ದೆ. ಈ ಸಲ ಚೌತಿಯಿಂದ ದೀಪಾವಳಿಯವರೆಗೆ ನಿನ್ನ ಮಗ ಅಮೃತ್ ಮನೆಯಲ್ಲಿ ಕೂತದ್ದೇ ಕಡಿಮೆ. ಮೇರಿಯಮ್ಮನ ಮೊಂತಿ ಹಬ್ಬಕ್ಕೆ ಪಕ್ಕದ ಮನೆಯ ಉರ್ಸುಲಾ ಬಾಯಿಯ ಮೊಮ್ಮಕ್ಕಳ ಜೊತೆ ಹೂ ಕೊಯ್ಯಲು ಹೋದ. ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಸದ್ದು ಕೇಳಿದರೆ ಅರ್ಧ ಊಟದಲ್ಲೇ ಎದ್ದು ಓಡುವವ. ದೀಪಾವಳಿಗೆ ಮುಂಚಿನ ಭಾನುವಾರ ಬಡಾವಣೆಯವರೆಲ್ಲ ಸೇರಿ ಕೆರೆಯ ಹತ್ತಿರದ ಶಾಲೆಯ ಮೈದಾನದಲ್ಲಿ ಮಕ್ಕಳ ಹಬ್ಬ ಇಟ್ಟುಕೊಂಡರು. ಗೋಳಿಬಜೆ, ಚರುಮುರಿ, ಗೋಣಿಚೀಲದ ಓಟ, ಅಜ್ಜಿಯಂದಿರಿಗೆ ತೆಂಗಿನಕಾಯಿ ತುರಿಯುವ ಸ್ಪರ್ಧೆ ಎಲ್ಲ ಇತ್ತು. ತುರಿಯುವುದರಲ್ಲಿ ನಿನ್ನ ಅಮ್ಮ ಎರಡನೆಯವಳು. ಮೊದಲನೆಯವಳ ತುರಿಮಣೆ ಹೊಸತಂತೆ, ಅದನ್ನು ದಿನಕ್ಕೊಮ್ಮೆ ಹೇಳುತ್ತಾಳೆ. ಸಂಜೆಗೆ ಗೂಡುದೀಪ ಸ್ಪರ್ಧೆ.

ಅಮೃತ್ ಹೆಸರು ಕೊಟ್ಟದ್ದು ನಮಗೆ ಗೊತ್ತೇ ಇರಲಿಲ್ಲ. ಹೊಸಬರು ಹೆಸರು ಕೇಳಿದರೂ ಬಾಗಿಲ ಹಿಂದೆ ಹೋಗುವ ಮಗು ಅದು, ನಿನಗೆ ಗೊತ್ತಲ್ಲ. ಈ ದೀಪದ ಕಥೆ ಮಳೆಗಾಲದಲ್ಲೇ ಶುರುವಾಯಿತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ದಿನಕ್ಕೆ ಅರ್ಧ ಪುಟ ಬರೆಯಿರಿ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಮೂರು ದಿನ ಪ್ರಯತ್ನಿಸಿ ಪುಸ್ತಕವನ್ನು ಎಸೆದೆ. ಅಮೃತ್ ಅದನ್ನು ಹೆಕ್ಕಿ ತಂದು ನನ್ನ ಪಕ್ಕ ಕೂತು, "ಅಜ್ಜ, ಪುಸ್ತಕವನ್ನು ಸ್ವಲ್ಪ ಓರೆ ಇಡಬೇಕು. ನಾನು ಹೇಳಿಕೊಡ್ತೇನೆ" ಎಂದ. ಮಗಳೇ, ಆಗ ನನಗೆ ತಲೆ ಎತ್ತಲು ಆಗಲಿಲ್ಲ. ಅವನು ನಾಲ್ಕು ವರ್ಷದವನಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ, ಬಳಪ ಹಿಡಿದರೆ, ಆ ಕೈಗೆ ಹೊಡೆದವನು ನಾನೇ. ನೀನು ಎಷ್ಟು ಬೇಡವೆಂದರೂ ಕೇಳಲಿಲ್ಲ. ನನ್ನ ಕಣ್ಣು ತಪ್ಪಿಸಿ ಅವನು ತನ್ನ ಎಡಗೈಯನ್ನು ಉಳಿಸಿಕೊಂಡಿದ್ದ. ಈಗ ಅದೇ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಪೆನ್ಸಿಲ್ ಮೇಲೆ ಕೂರಿಸಿದ.

ಅದಕ್ಕೆ ಬದಲಾಗಿ ನಾನು ಅವನಿಗೆ ಬಲೆಯ ಗಂಟು ಕಲಿಸಿದೆ. ಮೂವತ್ತೆಂಟು ವರ್ಷ ಬೋಟಿನಲ್ಲಿ ದುಡಿದ ಕೈಯಿಂದ ತೋರಿಸಲಾಗದು, ಬಾಯಿಂದ ಹೇಳಬೇಕು. ಬಾಯಿಯೂ ಆಗ ತೊದಲುತ್ತಿತ್ತು. ಅವನು ಬಿಡಲಿಲ್ಲ. ನಾನು ಹೇಳಿದ್ದನ್ನೆಲ್ಲ ತಿರುಗಿಸಿ ತನ್ನ ಕೈಗೆ ಹೊಂದಿಸಿಕೊಂಡ. ಗೂಡುದೀಪಕ್ಕೆ ಅಮ್ಮ ಬಿದಿರಿನ ಕಡ್ಡಿ ಸೀಳಿಕೊಟ್ಟಳು, ಅಷ್ಟು ದೊಡ್ಡವರು ಮಾಡಬಹುದೆಂದು ಸ್ಪರ್ಧೆಯ ನಿಯಮದಲ್ಲೇ ಇತ್ತೆಂದು ಆಮೇಲೆ ತಿಳಿಯಿತು. ಕಟ್ಟಿದ್ದೆಲ್ಲ ಅವನೇ, ಬಲೆಯ ನೂಲಿನಲ್ಲಿ. ಎಂಟು ಮೂಲೆ, ಕೆಂಪು ಮತ್ತು ಬಿಳಿ ಕಾಗದ, ಕೆಳಗೆ ಗಾಳಿಗೆ ಹಾರುವ ಬಾಲ.

ತೀರ್ಪುಗಾರರು ಹೊರಗಿನಿಂದ ಬಂದ ಒಬ್ಬ ಡ್ರಾಯಿಂಗ್ ಮಾಸ್ತರು. ಮಕ್ಕಳ ಸಾಲಿನಲ್ಲಿ ನಮ್ಮ ದೀಪದ ಎದುರು ತುಂಬ ಹೊತ್ತು ನಿಂತರು. ಗಂಟುಗಳನ್ನು ಬೆರಳಿನಿಂದ ಎಳೆದು ನೋಡಿ, ಇದು ಹತ್ತು ವರ್ಷದ ಮಗುವಿನ ಕೆಲಸ ಅಲ್ಲ, ಮನೆಯವರು ಮಾಡಿದ್ದನ್ನು ಇಲ್ಲಿ ಇಡಬಾರದು ಎಂದುಬಿಟ್ಟರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಮೀನು ಮಾರ್ಕೆಟಿನ ಸ್ವರ ಹೊರಗೆ ಬರುವುದೊಂದು ಬಾಕಿ. ನಾನು ಕುರ್ಚಿಯಿಂದ ಏಳಲು ನೋಡಿದೆ, ಕಾಲು ಬರಲಿಲ್ಲ. ಅಮೃತ್ ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ಮುಂದೆ ಹೋಗಿ, "ಸರ್, ಒಂದು ಮೂಲೆ ಬಿಚ್ಚಿ ಕಟ್ತೇನೆ, ನೀವು ನೋಡಿ" ಎಂದ. ಅಷ್ಟು ಜನರ ಎದುರು, ಮೋಕ್ಷಾ. ಕಾಗದ ಹರಿದು, ನೂಲು ಕತ್ತರಿಸಿ, ಕಡ್ಡಿ ಬೇರೆ ಮಾಡಿ, ನೆಲದಲ್ಲಿ ಚಕ್ಕಳಮಕ್ಕಳ ಕೂತು ಎಡಗೈಯಲ್ಲಿ ಮತ್ತೆ ಕಟ್ಟಿದ. ಅವಸರ ಮಾಡಲಿಲ್ಲ. ಸಮುದ್ರದಲ್ಲಿ ಬಲೆ ಹರಿದಾಗ ಒಳ್ಳೆಯ ಆಳು ಹೇಗೆ ಕೂರುತ್ತಾನೋ ಹಾಗೆ ಕೂತಿದ್ದ.

ಮಾಸ್ತರು ಸಜ್ಜನರೇ. ತಪ್ಪಾಯಿತು ಮಗು ಎಂದು ಬಾಯಿ ಬಿಟ್ಟು ಹೇಳಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದೆ ಹೊರಟರು. ಅಲ್ಲಿಗೆ ಮುಗಿಯಬೇಕಿತ್ತು. ಅಮೃತ್ ಅವರ ಹಿಂದೆಯೇ ಹೋಗಿ ಕರೆದು ನಿಲ್ಲಿಸಿ, ದೀಪದ ಮೇಲ್ತುದಿಯ ಗಂಟನ್ನು ತೋರಿಸಿದ. "ಇದೊಂದು ನನ್ನದಲ್ಲ ಸರ್. ಅಜ್ಜನದ್ದು. ಕೈ ಹೋದ ಮೇಲೆ ಅವರು ಹಾಕಿದ ಮೊದಲ ಗಂಟು, ಬಿಚ್ಚಲಿಕ್ಕೆ ನನಗೆ ಮನಸ್ಸಾಗಲಿಲ್ಲ."

ಹೌದು, ಅದು ನನ್ನದೇ. ಅವನು ಶಾಲೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದು ಹಾಕಿದ್ದೆ. ಅವನು ಗಮನಿಸಿದ್ದಾನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಒಂದು ಗಂಟಾದರೂ ನಿಯಮ ನಿಯಮವೇ. ಮಾಸ್ತರು ಸಂಘದವರ ಜೊತೆ ಮಾತಾಡಿ ದೀಪವನ್ನು ಮಕ್ಕಳ ಸಾಲಿನಿಂದ ತೆಗೆಸಿ ಕುಟುಂಬದವರ ಸಾಲಿನಲ್ಲಿ ಕಟ್ಟಿಸಿದರು. ಅಲ್ಲಿದ್ದವು ಆಳೆತ್ತರದ ದೀಪಗಳು. ನಮ್ಮದಕ್ಕೆ ಮೂರನೆಯ ಸ್ಥಾನ. ಮೈಕ್ ಹಿಡಿದಿದ್ದ ಉರ್ಸುಲಾ ಬಾಯಿ "ಅಮೃತ್ ಮತ್ತು ಯಾದವ" ಎಂದು ಎರಡು ಸಲ ಕರೆದರು. ನಾನು ಬರುವುದಿಲ್ಲ ಎಂದು ಕೈಯಾಡಿಸಿದೆ. ಅವನು ಬಂದು ನನ್ನ ಎಡ ಪಕ್ಕದಲ್ಲಿ ನಿಂತು, ಹೆಗಲು ಕೊಟ್ಟು, ವೇದಿಕೆಯ ಮೂರು ಮೆಟ್ಟಿಲು ಹತ್ತಿಸಿದ. ಎಷ್ಟೋ ಸಲ ಬೋಟು ತುಂಬ ಮೀನು ಹೊತ್ತು ಬಂದರಿಗೆ ಬಂದಿದ್ದೇನೆ, ದಕ್ಕೆಯಲ್ಲಿ ಜನ ಸುತ್ತ ಸೇರಿದ್ದಾರೆ. ಆದರೆ ಅಲ್ಲಿ ನಿಂತಾಗ ಬಂದ ಹೆಮ್ಮೆ ಇನ್ನೆಂದೂ ಬಂದಿರಲಿಲ್ಲ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಅಮ್ಮ ಅದಕ್ಕೆ ಆಗಲೇ ಮೆಣಸಿನ ಹುಡಿ ತುಂಬಿಸಿದ್ದಾಳೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಇಬ್ಬರೂ ಚೆನ್ನಾಗಿರಿ. ಕಡಲಮ್ಮ ಕಾಪಾಡಲಿ.

ನಿನ್ನ ಅಪ್ಪ,
ಯಾದವ

ಮರೆತ ಮಾತು: ಉಬೈದ್ ಕಾಗದಕ್ಕಾಗಿ ಗೇಟಿನ ಹತ್ತಿರ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ವರ್ಷ ಅಮೃತ್‌ನನ್ನು ಅಲ್ಲಿಯ ಶಾಲೆಗೆ ಸೇರಿಸಬೇಕೆಂದು ನೀನು ಕೇಳಿದಾಗ, ಅವನಿನ್ನೂ ಸಣ್ಣವ, ಹೊಸ ಜಾಗದಲ್ಲಿ ಹೆದರುತ್ತಾನೆ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟಿದ್ದೆ. ಅದು ಸುಳ್ಳು. ಅವನಿಲ್ಲದ ಮನೆಗೆ ಹೆದರಿದವನು ನಾನು. ಕರೆದುಕೊಂಡು ಹೋಗು ಮಗಳೇ, ಅವನು ತಾಯಿಯ ಹತ್ತಿರ ಇರಲಿ. ನನಗೆ ಈಗ ಬರೆಯಲಿಕ್ಕೆ ಬರುತ್ತದೆ.