ಅರ್ಧ ಬೈಗುಳ

ಗೋವಿಂದರಾಜನಗರ, ಬೆಂಗಳೂರು
11 ನವೆಂಬರ್ 2009, ಬುಧವಾರ

ಮೊಮ್ಮಗ ಯಶ್ವಂತನಿಗೆ, ಅಜ್ಜಿ ಮುನಿತಾಯಮ್ಮ ಬರೆಯುವುದು.

ಹೇಗಿದ್ದೀಯಪ್ಪ? ಮುಂಬಯಿಯ ನೀರು ಒಗ್ಗಿತೆ? ಟೀವಿಯಲ್ಲಿ ನೋಡಿದೆ, ಕೆನ್ನೆ ಒಳಕ್ಕೆ ಹೋಗಿದೆ, ಕತ್ತಿಗೆ ಮಾತ್ರ ಎಮ್ಮೆ ಕಟ್ಟುವಂಥ ಸರಪಳಿ ಬಂದಿದೆ. ಅಷ್ಟು ಕೂಗಿ ಹಾಡಿದರೆ ಗಂಟಲು ಏನಾಗಬೇಕು? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ. ಫೋನಿನಲ್ಲಿ ಬೈಯೋಣವೆಂದರೆ ‘ಅಜ್ಜಿ, ಸ್ಟುಡಿಯೋಲಿದೀನಿ, ಆಮೇಲ್ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡುವುದಕ್ಕೆ ಬರುವುದಿಲ್ಲ. ನಮ್ಮ ಹಿಟ್ಟಿನ ಮಿಲ್ಲಿಗೆ ಬರುವ ಡಬ್ಬಗಳ ಮೇಲೆ ಹೆಸರು ಬರೆದೂ ಬರೆದೂ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಓದು.

ನಿನ್ನ ಆಲ್ಬಂ ಬಂದ ದಿನ ನಿನ್ನಪ್ಪ ಏನು ಮಾಡಿದ ಗೊತ್ತಾ? ಹೊಸ ಸೀಡಿ ಪ್ಲೇಯರ್ ತಂದು ಮಿಲ್ಲಿನಲ್ಲಿ ಗಣೇಶನ ಫೋಟೋದ ಕೆಳಗೆ ಇಟ್ಟ. ರಾಗಿ ಹಾಕಿಸಲು ಬಂದವರಿಗೆ, ಗೋಧಿ ಹಾಕಿಸಲು ಬಂದವರಿಗೆ, ಬರೀ ದಾರಿ ಕೇಳಲು ಬಂದವರಿಗೂ ಮೈಸೂರು ಪಾಕ್ ಹಂಚಿದ. ಯಾಕೆಂದರೆ ಹಾಡಿನ ನಡುನಡುವೆ ಬರುವುದು ಅವನದೇ ದನಿ. ‘ಕೇಳ್ತಾ ಅಣ್ಣ? ನಾನೇ ಅದು! ನನ್ ಮಗ ನನ್ನೇ ಹಾಡ್ಸವ್ನೆ!’ ಅಂತ ಕುಣಿದಾಡಿದ. ಮೈಯೆಲ್ಲ ಹಿಟ್ಟು, ಹಲ್ಲು ಮಾತ್ರ ಕಾಣುತ್ತಿತ್ತು. ಆ ಮಿಲ್ಲಿನ ಬೆಲ್ಟಿನ ಗದ್ದಲದಲ್ಲಿ ನಿನ್ನ ಮಾತು ಒಂದೂ ಕೇಳಿಸುತ್ತಿರಲಿಲ್ಲ ಕಣೋ. ಅವನು ಜೋರಾಗಿ ಒದರಿದ ‘ಹಾಳಾಗ್ ಹೋಗು’ ಒಂದೇ ಗದ್ದಲ ದಾಟಿ ಬರುತ್ತಿತ್ತು. ಅಷ್ಟಕ್ಕೇ ಹಿಗ್ಗಿದ. ಒಂದು ವಾರ ಹೀಗೇ ಹಿಗ್ಗಿಕೊಂಡು ಓಡಾಡಿದ.

ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೆಲ್ಟು ನಿಂತಿತು. ಎದುರಿನ ರೀಚಾರ್ಜ್ ಅಂಗಡಿಯ ಹುಡುಗರು ಮೊಬೈಲಿನಲ್ಲಿ ನಿನ್ನ ಹಾಡನ್ನೇ ಹಾಕಿದ್ದರು. ಮೊದಲನೇ ಸಲ ಅವನಿಗೆ ನಡುವಿನ ಮಾತೆಲ್ಲ ಕೇಳಿಸಿತು. ‘ಅಪ್ಪ ಅಂದ ಹಾಳಾಗ್ ಹೋಗು, ತಟ್ಟೆ ಖಾಲಿ ಹೊಟ್ಟೆ ಖಾಲಿ, ಬಾಗ್ಲು ಹಾಕ್ದ ಮುಖದ್ ಮೇಲೆ, ಬೆಳೆದೆ ನಾನು ಗಲ್ಲಿ ಗಲ್ಲಿ.’ ನಾನು ಅಲ್ಲೇ ಜರಡಿ ಹಿಡಿದು ಕೂತಿದ್ದೆ. ಅವನು ನನ್ನ ಮುಖ ನೋಡಿದ, ನಾನು ಜರಡಿ ನೋಡಿದೆ. ಕರೆಂಟು ಬಂದ ಮೇಲೆ ಸೀಡಿ ಪ್ಲೇಯರಿನ ಮೇಲೆ ಒಂದು ಖಾಲಿ ಗೋಣಿಚೀಲ ಹೊದಿಸಿದ. ಅದು ಇನ್ನೂ ಹಾಗೇ ಇದೆ.

ಯಾವ ತಟ್ಟೆ ಖಾಲಿ ಇತ್ತೋ? ಹೇಳು. ಹಿಟ್ಟಿನ ಮಿಲ್ಲಿನವನ ಮಗ ಹಸಿದುಕೊಂಡು ಬೆಳೆದ ಅಂದರೆ ನಂಬುವವರಿಗಾದರೂ ಬುದ್ಧಿ ಬೇಡವೆ? ಮೂರನೇ ಮುದ್ದೆಗೆ ಸಾರು ಸಾಲದೆಂದು ತಟ್ಟೆ ತಳ್ಳಿ ಎದ್ದವನು ನೀನು. ಹಾಡುವುದಕ್ಕೆ ಇಟ್ಟುಕೊಂಡ ಹೆಸರು ಬೇರೆ ಎಂ.ಸಿ. ಒಂಟಿ ಅಂತೆ! ಅಪ್ಪ, ಅಮ್ಮ, ತಂಗಿ, ಇಬ್ಬರು ಚಿಕ್ಕಪ್ಪಂದಿರು, ಅವರ ಮಕ್ಕಳು, ನಾನು, ಬಚ್ಚಲಿಗೂ ಸರದಿ ಕಾಯುವ ಮನೆಯಲ್ಲಿ ಬೆಳೆದವನು ಒಂಟಿ. ಬಾಗಿಲು ಹಾಕಿದರಂತೆ. ಆ ಬಾಗಿಲಿಗೆ ಚಿಲಕ ಸರಿಯಾಗಿ ಕೂರುವುದೇ ಇಲ್ಲವೆಂದು ನಿನಗೆ ಗೊತ್ತಿಲ್ಲವೆ? ಅಂಜನಮ್ಮ ರಾಗಿ ತಂದವಳು ನಾಲ್ಕು ಜನರ ಮುಂದೆ ಕೇಳಿದಳು, ‘ಪಾಪ, ಆ ಮಗೀನ ಹೊಟ್ಟೆಗ್ ಹಾಕ್ದೆ ಆಚೆಗ್ ತಳ್ಳಿದ್ರಂತಲ್ಲ ಮುನಿತಾಯಕ್ಕ, ನಮ್ಗೆ ಗೊತ್ತೇ ಆಗ್ಲಿಲ್ವಲ್ಲ!’ ಅವಳ ಮಗಳ ಮದುವೆಗೆ ಅಕ್ಕಿ ಹಿಟ್ಟನ್ನೆಲ್ಲ ಬಿಟ್ಟಿ ಹಾಕಿಕೊಟ್ಟವನು ನಿನ್ನಪ್ಪ. ಕುರುಬರಹಳ್ಳಿಯ ಜಗನ್ನಾಥ ಮಾವನಿಗೆ ಹಬ್ಬಕ್ಕೆ ಕರೆಯೋಣವೆಂದು ಫೋನ್ ಮಾಡಿದರೆ, ಅವನ ಕಾಲರ್ ಟ್ಯೂನಿನಲ್ಲಿ ನನ್ನ ಮಗನೇ ನನಗೆ ಹಾಳಾಗ್ ಹೋಗು ಅನ್ನುತ್ತಾನೆ! ಇನ್ನೂ ಸಿಟ್ಟು ಬರುವುದು ಯಾವುದಕ್ಕೆ ಗೊತ್ತಾ, ಹಾಡು ಚೆನ್ನಾಗಿದೆ. ಪಾತ್ರೆ ತೊಳೆಯುವಾಗ ನನ್ನ ಕಾಲೇ ತಾಳ ಹಾಕುತ್ತದೆ. ಹಾಳಾದ್ದು.

ಈಗ ಅಸಲಿಗೆ ಬರುತ್ತೇನೆ. ನಿನ್ನಪ್ಪನ ಬಾಯಲ್ಲಿ ಆ ‘ಹಾಳಾಗ್ ಹೋಗು’ ಪೂರ್ತಿ ಬೈಗುಳ ಅಲ್ಲ, ಅರ್ಧ. ಹೊಸ್ತಿಲು ದಾಟುವವರು ಯಾರಾದರೂ ಸರಿ, ನಿನಗೆ, ನಿನ್ನ ತಂಗಿ ಕೀರ್ತನಾಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ತಂದವನಿಗೂ, ‘ಹಾಳಾಗ್ ಹೋಗು’ ಅನ್ನುತ್ತಾನೆ, ಪಾತ್ರೆಯ ಮುಚ್ಚಳ ಎತ್ತಿ ಏನಿದೆ ಅಂತ ನೋಡುತ್ತಾನೆ, ‘ಊಟ ಮಾಡ್ಕೊಂಡ್ ಹೋಗು’ ಅನ್ನುತ್ತಾನೆ. ನೀನು ಕಾಲೇಜು ಬಿಟ್ಟೆ ಅಂತ ಹೇಳಿದ ದಿನವೂ ಅಷ್ಟನ್ನೇ ಅಂದ. ನೀನು ಗಟ್ಟಿಯಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಕೈಯಲ್ಲಿ ಮೊಬೈಲು ಹಿಡಿದಿದ್ದೆ. ಅದರೊಳಕ್ಕೆ ಮಾತು ತುಂಬಿಸಿಕೊಳ್ಳುತ್ತಿದ್ದೀಯ ಅಂತ ನಮಗೇನು ಗೊತ್ತು? ನಿನ್ನ ಸಿಟ್ಟಿನಲ್ಲಿ ಎರಡನೇ ಮಾತು ನಿನಗೆ ಕೇಳಿಸಿರಲಿಕ್ಕಿಲ್ಲ, ದೂರ ಹೋಗಿಬಿಟ್ಟಿದ್ದೆ ಅಂತ ನನ್ನಷ್ಟಕ್ಕೆ ನಾನೇ ನಿನ್ನ ಪರ ವಕಾಲತ್ತು ಹಾಕಿಕೊಂಡೆ. ಆದರೂ ಅನುಮಾನ ಹೋಗಲಿಲ್ಲ. ನಮ್ಮ ಮೇಲಿನ ರೂಮಿನ ಗದಗ ಕಡೆಯ ಹುಡುಗ ಹನುಮೇಶ, ನಿನ್ನ ಹಾಡು ಕಂಪ್ಯೂಟರಿನಲ್ಲಿ ಕೂಡಿಸಿಕೊಟ್ಟವನು ಅವನೇ ತಾನೆ, ಅವನ ಬಾಗಿಲು ತಟ್ಟಿದೆ. ಮೊದಲು ಅದೂ ಇದೂ ಅಂದ. ರೊಟ್ಟಿಗೆ ಜೋಳದ ಹಿಟ್ಟು ಇನ್ನು ಮೇಲೆ ಎಲ್ಲಿ ಹಾಕಿಸ್ತೀಯೋ ನೋಡ್ತೀನಿ ಅಂದೆ. ಕಂಪ್ಯೂಟರ್ ಹಚ್ಚಿದ.

ಅದರಲ್ಲಿ ಎಲ್ಲ ಇದೆ ಯಶೂ. ನಿನ್ನ ಚಪ್ಪಲಿ ಸದ್ದು ಇದೆ. ಕುಕ್ಕರ್ ಕೂಗುವುದಿದೆ. ಹಾಳಾಗ್ ಹೋಗು ಇದೆ. ಮುಚ್ಚಳದ ಸದ್ದಿದೆ. ಊಟ ಮಾಡ್ಕೊಂಡ್ ಹೋಗು ಇದೆ, ಸ್ಪಷ್ಟವಾಗಿ ಇದೆ, ಬಾಗಿಲ ತನಕ ಹಿಂದೆಯೇ ಬಂದು ಹೇಳಿದ್ದಾನೆ. ಯಾಕೆ ಕತ್ತರಿಸಿದಿರೋ ಅಂತ ಕೇಳಿದರೆ ಹನುಮೇಶ ತಲೆ ತಗ್ಗಿಸಿ, ‘ನಾ ಹೇಳಿದ್ನಿರಿ ಅಜ್ಜಿ. ಅಂವ, ಬ್ಯಾಡ, ಅದು ಬೀಟಿಗೆ ಕುಂದ್ರಂಗಿಲ್ಲ ಅಂದ’ ಅಂದ. ಬೀಟು ಅಂದರೆ ತಾಳವಂತೆ, ಅದಕ್ಕೆ ಕೂರುವುದಿಲ್ಲವಂತೆ. ಅಂದರೆ ನೀನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಕತ್ತರಿಸಿದೆ. ಅಪ್ಪ ಕೆಟ್ಟವನಾದರೆ ಮಾತ್ರ ಹಾಡು ಓಡುವುದೇನೋ, ನನಗೆ ಆ ವ್ಯಾಪಾರ ತಿಳಿಯದು.

ಈಗ ನಿನ್ನಪ್ಪ ಯಾರಿಗೂ ಏನೂ ಅನ್ನುವುದಿಲ್ಲ. ಕೀರ್ತನಾ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಹೊಸ್ತಿಲಲ್ಲಿ ಬೇಕೆಂದೇ ನಿಂತು ಅಪ್ಪನ ಮುಖ ನೋಡುತ್ತಾಳೆ. ಅವನು ಪೇಪರು ಮೇಲೆತ್ತಿಕೊಳ್ಳುತ್ತಾನೆ. ಮೊನ್ನೆ ನಿನ್ನಮ್ಮ ರೇಗಿ, ಬಾಯ್ ಬಿಟ್ಟು ಬೈಯ್ರೀ ಅಂದಳು. ‘ಆಡಿದ್ ಮಾತು ಯಾರ್ ಎಲ್ಲಿ ಕತ್ತರಿಸ್ತಾರೋ, ಸುಮ್ನಿರೇ’ ಅಂದ. ಹದಿನೈದು ದಿನದಲ್ಲಿ ಅವನಾಡಿದ ಉದ್ದನೆಯ ಮಾತು ಅದೇ. ನನ್ನ ಮಗನ ಮಾತು ಕಿತ್ತುಕೊಂಡು ನೀನು ಹೆಸರು ಮಾಡಿದೆ. ಹೆಸರು ಇಟ್ಟುಕೋ, ನಮಗೂ ಸಂತೋಷವೇ. ಮಾತನ್ನು ವಾಪಸ್ಸು ಕೊಡು.

ಉಣ್ಣುವ ಹೊತ್ತಿಗೆ ಉಣ್ಣು. ಎಣ್ಣೆ ಹಾಕದೆ ತಲೆ ಒಣಗಿಸಬೇಡ. ಇಷ್ಟು ಬೈದರೂ ದೀಪ ಹಚ್ಚುವಾಗ ಮೊದಲು ಬಾಯಿಗೆ ಬರುವುದು ನಿನ್ನ ಹೆಸರೇ, ಏನು ಮಾಡಲಿ. ನಿನ್ನಮ್ಮ, ಕೀರ್ತನಾ ನೆನೆಸಿಕೊಂಡಿದ್ದಾರೆ. ನಿನ್ನಪ್ಪ ನೆನೆಸಿಕೊಂಡಿದ್ದಾನೆ ಅಂತ ನಾನೇ ಬರೆಯುತ್ತಿದ್ದೇನೆ, ಅವನು ಹೇಳಲಿಲ್ಲ.

ಸಿಟ್ಟಿನಲ್ಲಿರುವ ನಿನ್ನ ಅಜ್ಜಿ,
ಮುನಿತಾಯಮ್ಮ

ಮರೆತಿದ್ದೆ. ಲಕೋಟೆಗೆ ಅಂಟು ಹಚ್ಚುವ ಮುಂಚೆ ಬರೆದುಬಿಡುತ್ತೇನೆ. ಇಪ್ಪತ್ತೆರಡನೇ ತಾರೀಕು ಭಾನುವಾರ ವಿಜಯನಗರದ ಮೈದಾನದಲ್ಲಿ ನಿನ್ನ ಪ್ರೋಗ್ರಾಂ ಅಂತೆ, ಮೆಟ್ರೋಗೆ ಅಗೆದ ಕಡೆ ಕಟ್ಟಿರುವ ತಗಡಿನ ಮೇಲೆಲ್ಲ ನಿನ್ನ ಮುಖ ಅಂಟಿಸಿದ್ದಾರೆ. ಒಗೆಯಲು ಹಾಕಿದ ನಿನ್ನಪ್ಪನ ಅಂಗಿ ಜೇಬಿನಲ್ಲಿ ಅದರ ಟಿಕೆಟ್ ಸಿಕ್ಕಿತು. ಒಂದೇ ಟಿಕೆಟ್. ನಮಗೆ ಯಾರಿಗೂ ಹೇಳಿಲ್ಲ, ನಾನೂ ನೋಡದವಳ ಹಾಗೆ ವಾಪಸ್ ಇಟ್ಟೆ. ಆ ಹುಡುಗರ ಗುಂಪಿನಲ್ಲಿ ಎಲ್ಲೋ ಹಿಂದೆ ನಿಂತಿರುತ್ತಾನೆ. ಅಷ್ಟೂ ಜನ ಒಟ್ಟಿಗೆ ‘ಹಾಳಾಗ್ ಹೋಗು’ ಅಂತ ಅವನ ಕಿವಿಯಲ್ಲೇ ಕೂಗುತ್ತಾರೆ. ಅವರು ಕೂಗಿದ ಮೇಲೆ ನಿನ್ನ ಢಂ ಢಂ ನಿಲ್ಲಿಸು. ಒಂದು ಮುಚ್ಚಳ ಎತ್ತುವಷ್ಟು ಹೊತ್ತು ಸುಮ್ಮನಿರು. ಆಮೇಲೆ ಉಳಿದ ಅರ್ಧವನ್ನು ನೀನೇ ಹೇಳು, ಹಿಂದೆ ನಿಂತವರಿಗೂ ಕೇಳಿಸುವ ಹಾಗೆ. ಬೀಟಿಗೆ ಕೂರದಿದ್ದರೆ ನಿಂತುಕೊಂಡೇ ಇರಲಿ.