ಹೆಣ ಹೊದ್ದ ಹುಳ

ಈಸ್ಟ್ ಹ್ಯಾಮ್
9 ಮಾರ್ಚ್ 2026

ನನ್ನ ಕೂಸೇ ಸೌಜನ್ಯಾ,

ಫೋನಿನಲ್ಲಿ ಆಡುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಸಟನ್‌ನಲ್ಲಿ, ನೀನು ಸೊಸೆಯಾಗಿ ಹೋಗಲಿರುವ ವಿಕಾಸನ ಮನೆಯಲ್ಲಿ, ಊಟದ ನಡುವೆ ನೀನು ಮ್ಯೂಸಿಯಂ ಕೆಲಸದ ಹುಳದ ಕಥೆ ತೆಗೆದೆ. ಹವಾಯಿಯ ಒಆಹು ದ್ವೀಪದ ಒಂದು ಬೆಟ್ಟಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪತಂಗ ಅಂದೆ. ಅದರ ಮರಿಹುಳ ಜೇಡನ ಬಲೆಯಲ್ಲೇ ಬಿಡಾರ ಹೂಡುತ್ತದೆ. ಜೇಡ ತಿಂದು ಬಿಟ್ಟ ಇರುವೆಯ ತಲೆ, ಜೀರುಂಡೆಯ ಕಾಲು ಹೆಕ್ಕಿ ತನ್ನ ರೇಷ್ಮೆಚೀಲಕ್ಕೆ ಹೊಲಿದುಕೊಳ್ಳುತ್ತದೆ. ಒಂದೊಂದು ಚೂರನ್ನೂ ತಿರುಗಿಸಿ ಅಳೆಯುತ್ತದೆ, ದೊಡ್ಡದಾದರೆ ಕಡಿದು ಸಣ್ಣದು ಮಾಡುತ್ತದೆ. ಹೆಣ ಹೊದ್ದದ್ದರಿಂದಲೇ ಜೇಡನಿಗೆ ಗುರುತು ಸಿಗುವುದಿಲ್ಲವೇನೋ ಅಂದೆ. ವಿಕಾಸನ ಅಜ್ಜಿ, "ಉಣ್ಣೂ ಹೊತ್ತಿನಾಗ ಹೆಣದ ಸುದ್ದಿ ಯಾಕವಾ" ಎಂದು ನಕ್ಕರು.

ಆಮೇಲೆ ಅವರ ಕಣ್ಣು ನನ್ನ ಕೊರಳಿಗೆ ಬಿತ್ತು, ಲಿಂಗ ಇಡುವ ಬೆಳ್ಳಿ ಕರಡಿಗೆಯ ಮೇಲೆ. ಹಳೇ ಕೆಲಸ ಐತಿ, ಯಾರದು ಅಂದರು. ನಮ್ಮತ್ತಿದು, ಒಳಗಿನ ಲಿಂಗಾನೂ ಅವರದೇ, ಸಾಯೂ ಮುಂದ ಕೊಟ್ಟು ಹೋದ್ರು ಅಂದುಬಿಟ್ಟೆ ನಾನು. ಅಜ್ಜಿ ಚಮಚ ಕೆಳಗಿಟ್ಟರು. "ನಮ್ಮಾಗ ಸತ್ತವರ ಲಿಂಗ ಅವರ ಅಂಗೈಯಾಗ ಮಣ್ಣಿಗೆ ಹೋಗತೈತಲ್ಲ ನೀಲವ್ವಾ?" ಅಂದರು. ಇಪ್ಪತ್ತಮೂರು ವರ್ಷ ಕಟ್ಟಿಕೊಂಡು ತಿರುಗಿದವಳಿಗೆ ಇಷ್ಟೂ ಗೊತ್ತಿರಲಿಲ್ಲ.

ಆಗ ನೀನು ಬಾಯಿ ಹಾಕಿದೆ. ನಾನು ಕನ್ನಡದಲ್ಲಿ ಕೂಗಿದರೆ ಇಂಗ್ಲಿಷಿನಲ್ಲಿ ಓಗೊಡುವ ಹುಡುಗಿ, ನಮ್ಮೂರ ಮುದುಕಿಯ ಹಾಗೆ, "ಅವ್ವಗ ಯಾವುದೂ ನೆಟ್ಟಗ ತಿಳಿಯೂದಿಲ್ರಿ ಅಜ್ಜಿ. ಕರಡಿಗಿ ಅಷ್ಟ ನಮ್ಮಜ್ಜಿದು, ಲಿಂಗ ಮಠದ ಐನಾರು ಬ್ಯಾರೇ ಕಟ್ಯಾರ" ಅಂದೆ. ಎಲ್ಲರೂ ನಕ್ಕರು. ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಬಿತ್ತು.

ನನ್ನ ಎದೆ ಒಡೆದದ್ದು ಅಜ್ಜಿಯ ಪ್ರಶ್ನೆಗಲ್ಲ. ನಮ್ಮ ಗುಟ್ಟು ನಿನಗೆ ಗೊತ್ತಿತ್ತು. ಎಂದಿನಿಂದ? ಯಾರು ಹೇಳಿದರು? ನನ್ನ ಸುಳ್ಳು ಜೋತಾಡುತ್ತಿತ್ತು, ನಿನ್ನದು ಅಳತೆ ತೆಗೆದು ಕಡಿದಂತೆ ಕೂತಿತು.

ನಾವು ಹೊಲೆಯರು, ಮಗಳೇ. ಇದನ್ನು ನಾನೇ ಹೇಳಬೇಕಿತ್ತು. ವಿಜಯಪುರದ ಬೀದಿಯಲ್ಲಿ ನೀಲಿ ಬಾವುಟ ಹಿಡಿದು ಗಂಟಲು ಹರಿಯುವಂತೆ ಕೂಗಿದವಳು ನಾನು. ಇಂಗ್ಲಿಷರ ಈ ಊರಿಗೆ ಬಂದ ಮೊದಲ ತಿಂಗಳು, ಎರಡು ವರ್ಷದ ನಿನ್ನನ್ನು ಎತ್ತಿಕೊಂಡು, ನಮ್ಮ ಕಡೆಯವರದೇ ಬಾಡಿಗೆ ರೂಮು ಕೇಳಲು ಹೋದೆ. ಯಾರ ಪೈಕಿ ಅಂದರು, ಹೇಳಿದೆ. ರೂಮು ಆಗಲೇ ಹೋಯಿತು ಅಂದರು. ಊರಿಂದ ಹಳೇ ಕರಡಿಗೆಯೊಂದನ್ನು ಕೊಳ್ಳಿಸಿ ತರಿಸಿ ಕಟ್ಟಿಕೊಂಡು ಮುಂದಿನ ಮನೆಗೆ ಹೋದೆ. ಬೀಗದ ಕೈ ಸಿಕ್ಕಿತು, ಆ ಮನೆಯವರ ಮಾತಿನಿಂದ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಕೆಲಸವೂ ಸಿಕ್ಕಿತು. ಜಾತಿಯೇ ಇಲ್ಲವೆಂದು ವಚನ ಹಾಡುವವರ ನಡುವೆ ಜಾತಿ ಮುಚ್ಚಿಕೊಂಡು ಬದುಕಿದೆ. ನಾಚಿಕೆ ಅವರಿಗಾಗಬೇಕು ಅಂದುಕೊಂಡೇ ದಿನ ತಳ್ಳಿದೆ.

ಒಂದೇ ಬಲೆಯಲ್ಲಿ ಇಂಥ ಹುಳ ಎರಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ ಅಂತಲೂ ನೀನೇ ಅಂದೆ. ನಿನ್ನೆ ಆದದ್ದು ಅದೇ. ನನ್ನನ್ನು ಪೆದ್ದಿ ಮಾಡಿ ನೀನು ಬಚಾವಾದೆ. ಬೈಯುತ್ತಿಲ್ಲ, ಕಲಿಸಿದವಳು ನಾನೇ. ಆದರೆ ಇದನ್ನು ಹೊದ್ದು ನೀನು ಆ ಮನೆಯಲ್ಲಿ ಮಕ್ಕಳನ್ನು ಹೆರುವುದನ್ನು ನಾನು ನೋಡಲಾರೆ. ವಿಕಾಸ ಒಳ್ಳೆಯವನಿರಬಹುದು. ಗೊತ್ತಾದ ಮೇಲೂ ಒಳ್ಳೆಯವನೇ ಏನು, ನೋಡಬೇಕು.

ನಿನ್ನ ಹಡೆದವ್ವ,
ನೀಲವ್ವ

ತಾ.ಕ.: ಇದೇ ಪತ್ರದ ಇನ್ನೊಂದು ಪ್ರತಿ ಬೆಳಿಗ್ಗೆಯೇ ಸಟನ್ನಿಗೆ ಪೋಸ್ಟ್ ಆಯಿತು, ಅಜ್ಜಿಯ ಹೆಸರಿಗೆ. ನಿನ್ನನ್ನು ಕೇಳಲಿಲ್ಲ. ಬೇಡ ಅನ್ನುತ್ತೀ ಅಂತ ಹೆದರಿದೆ.